ಖಾಲಿ ಜಾಗಕ್ಕೆ ಬಂದ ಗಿಟಾರ್

ಕೇಳುಗರಿಗೆ ನಮಸ್ಕಾರ. ತೀರಿಹೋದ ದೊಡ್ಡ ಕಲಾವಿದರ ಜಾಗದಲ್ಲಿ ನಿಂತು ನುಡಿಸುವುದು ಸುಲಭವಲ್ಲ. ಅವರಂತೆಯೇ ನುಡಿಸಿದರೆ ನಕಲು ಅನ್ನುತ್ತಾರೆ, ಬೇರೆ ನುಡಿಸಿದರೆ ಅಪಚಾರ ಅನ್ನುತ್ತಾರೆ. 1990ರಲ್ಲಿ ಅಮೆರಿಕದ ರಾಕ್ ತಂಡ ಆಲ್ಮನ್ ಬ್ರದರ್ಸ್ ಬ್ಯಾಂಡ್ ‘ಸೆವೆನ್ ಟರ್ನ್ಸ್’ ಆಲ್ಬಮ್ ಹೊರತಂದಾಗ ಗಿಟಾರ್ ವಾದಕ ವಾರೆನ್ ಹೇನ್ಸ್ ನಿಂತಿದ್ದು ಅಂಥ ಜಾಗದಲ್ಲಿ.

ಅದು ಡುವೇನ್ ಆಲ್ಮನ್ ಅವರ ಜಾಗ. ನೆಗಡಿ ಮಾತ್ರೆಯ ಪುಟ್ಟ ಗಾಜಿನ ಸೀಸೆಯನ್ನು ಬೆರಳಿಗೆ ತೊಟ್ಟು, ತಂತಿಯ ಮೇಲೆ ಜಾರಿಸಿ, ಗಿಟಾರಿನಿಂದ ಮನುಷ್ಯರ ಕೊರಳನ್ನೇ ಹೊರಡಿಸಿದವರು. 1971ರಲ್ಲಿ ಜಾರ್ಜಿಯಾದ ಮೇಕನ್‌ನಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 24 ವರ್ಷ. ಮರುವರ್ಷ ಬಾಸ್ ಗಿಟಾರ್ ವಾದಕ ಬೆರಿ ಓಕ್ಲಿಯವರೂ ಅದೇ ಊರಿನಲ್ಲಿ, ಅದೇ ವಯಸ್ಸಿನಲ್ಲಿ, ಹಾಗೆಯೇ ಹೋದರು. ಆಮೇಲೆ ಬ್ಯಾಂಡ್ ಒಡೆಯಿತು, ಕೂಡಿತು, 1982ರಲ್ಲಿ ಮತ್ತೆ ಒಡೆಯಿತು.

1989ರಲ್ಲಿ ಹಳಬರು ನಾಲ್ವರು ಸೇರಿದರು: ಡುವೇನ್ ಅವರ ತಮ್ಮ, ಗಾಯಕ ಗ್ರೆಗ್, ಗಿಟಾರಿನ ಡಿಕಿ ಬೆಟ್ಸ್, ಡ್ರಮ್ಸಿನ ಬುಚ್ ಟ್ರಕ್ಸ್ ಮತ್ತು ಜೈಮೋ. ಹೇನ್ಸ್ ಜೊತೆ ಬಾಸ್‌ಗೆ ಅಲೆನ್ ವುಡಿ, ಕೀಬೋರ್ಡಿಗೆ ಜಾನಿ ನೀಲ್ ಬಂದರು. ನಿರ್ಮಾಪಕರು ಟಾಮ್ ಡೌಡ್. ಡುವೇನ್ ಕಾಲದಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ನಡೆದ ಕಛೇರಿಯ ಧ್ವನಿಮುದ್ರಣವನ್ನು ರೂಪಿಸಿದವರೂ ಅವರೇ.

ಈ ಬ್ಯಾಂಡಿನ ಜೀವ ಇರುವುದು ಜೋಡಿ ಗಿಟಾರಿನಲ್ಲಿ. ನಮ್ಮ ಜುಗಲ್‌ಬಂದಿಯಲ್ಲಿ ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುತ್ತಾರಲ್ಲ, ಇಲ್ಲಿ ಅದೂ ಉಂಟು. ಅದರ ಜೊತೆಗೆ ಒಂದೇ ರಾಗದೆಳೆಯನ್ನು ಇಬ್ಬರೂ ಏಕಕಾಲಕ್ಕೆ ಬೇರೆಬೇರೆ ಸ್ವರಗಳಲ್ಲಿ ನುಡಿಸುತ್ತಾರೆ. ‘ಟ್ರೂ ಗ್ರ್ಯಾವಿಟಿ’ ಎಂಬ ವಾದ್ಯಕೃತಿಯಲ್ಲಿ ಇದು ಚೆನ್ನಾಗಿ ಕೇಳಿಸುತ್ತದೆ. ಹೇನ್ಸ್ ಅವರ ನಾದ ಡುವೇನ್ ಅವರದಕ್ಕಿಂತ ದಪ್ಪ, ಒರಟು. ಅದನ್ನು ಅವರು ನಯಗೊಳಿಸಲು ಹೋಗಲಿಲ್ಲ. ಗೆದ್ದದ್ದು ಅಲ್ಲೇ ಎನ್ನುತ್ತೇನೆ. ಎಲ್ಲ ಹಾಡುಗಳೂ ಒಂದೇ ತೂಕದವಲ್ಲ ನಿಜ, ಆದರೆ ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಸೊರಗಿದ್ದ ಬ್ಯಾಂಡಿನ ಮೈಗೆ ಇಲ್ಲಿ ಮತ್ತೆ ರಕ್ತ ಬಂದಿದೆ.

ಶೀರ್ಷಿಕೆಗೀತೆ ಬೆಟ್ಸ್ ಅವರದು. ಅದರ ಕೊನೆಯಲ್ಲಿ ಮೂವರು ಒಟ್ಟಾಗಿ ಹಾಡುವಾಗ ಗ್ರೆಗ್ ನಡುನಡುವೆ ಮರುದನಿ ಕೊಡುತ್ತಾರೆ. ಅದನ್ನು ಯಾರೂ ಮೊದಲೇ ಯೋಜಿಸಿರಲಿಲ್ಲವಂತೆ. ಉಳಿದವರು ಅಭ್ಯಾಸ ಮಾಡುತ್ತಿದ್ದಾಗ ಪಕ್ಕದ ಕೋಣೆಯಲ್ಲಿ ಬಿಲಿಯರ್ಡ್ಸ್‌ನಂಥ ಪೂಲ್ ಆಟ ಆಡುತ್ತಿದ್ದ ಗ್ರೆಗ್ ತಮ್ಮಷ್ಟಕ್ಕೆ ಉತ್ತರವಾಗಿ ಹಾಡಿಕೊಂಡರು, ಅದೇ ಹಾಡಿಗೆ ಸೇರಿತು ಎಂದು ಬ್ಯಾಂಡಿನವರು ನೆನೆಯುತ್ತಾರೆ. ಈಗ ಆ ಹಾಡನ್ನೇ ಕೇಳೋಣ.