ಹಲ್ಲು ಬಿಳಿ ಮಾಡಿಸುವ ಮೊದಲು ನೀರಿನ ಬಗ್ಗೆ ಕೇಳಿ

ಎಲ್ಲರಿಗೂ ನಮಸ್ಕಾರ. ಇವತ್ತು ಹಲ್ಲು ಬಿಳಿ ಮಾಡಿಸುವುದರ ಬಗ್ಗೆ ಮಾತಾಡೋಣ. ಫೋನ್ ತೆಗೆದರೆ ಸಾಕು, ಇದೇ ಜಾಹೀರಾತು. ಒಂದು ಗಂಟೆಯಲ್ಲಿ ಹಲ್ಲು ಬಿಳಿ, ಒಂದು ವಾರದಲ್ಲಿ ಹಲ್ಲು ಬಿಳಿ. ಇದ್ದಿಲಿನ ಪೇಸ್ಟು, ನೇರಳೆ ಬಣ್ಣದ ಪೇಸ್ಟು, ಹಲ್ಲಿಗೆ ಅಂಟಿಸಿಕೊಳ್ಳುವ ಪಟ್ಟಿ. ಪಕ್ಕದಲ್ಲಿ ಮೊದಲು ಹೀಗಿತ್ತು, ಈಗ ಹೀಗಾಯಿತು ಅಂತ ಎರಡು ಫೋಟೊ. ಇದನ್ನೆಲ್ಲ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಯಾಕೆಂದರೆ ಆ ಹಲ್ಲು ಹಾಗೆ ಯಾಕಾಯಿತು ಅಂತ ಒಬ್ಬರೂ ಕೇಳುವುದಿಲ್ಲ. ಹಳದಿ ಅಂದರೆ ಕೊಳಕು, ಬಿಳಿ ಅಂದರೆ ಸ್ವಚ್ಛ. ಅವರ ಲೆಕ್ಕ ಅಷ್ಟೇ.

ನಾನು ಪಾವಗಡದ ಕಡೆಯವನು. ನಮ್ಮ ಕಡೆ ಹಲ್ಲಿನ ಮೇಲೆ ಕಂದು ಗೆರೆ, ಸುಣ್ಣ ಬಳಿದಂಥ ಮಚ್ಚೆ ಇರುವವರು ಎಲ್ಲಿ ನೋಡಿದರೂ ಸಿಗುತ್ತಾರೆ. ಓದೋಕೆ, ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ ನಮ್ಮ ಹುಡುಗ ಹುಡುಗಿಯರು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಹೆಣ್ಣು ನೋಡಲು ಬಂದವರು ಹಲ್ಲು ನೋಡಿ ಎದ್ದು ಹೋಗುತ್ತಾರೆ. "ಸರಿಯಾಗಿ ಹಲ್ಲುಜ್ಜಲ್ವಾ?" ಅಂತ ಯಾರೋ ಕೇಳಿಬಿಡುತ್ತಾರೆ. ದಿನಕ್ಕೆ ಎರಡು ಸಲ ಉಜ್ಜುವವರೂ ಈ ಮಾತು ಕೇಳಬೇಕು. ಅವರ ತಪ್ಪು ಏನೂ ಇಲ್ಲ. ಚಿಕ್ಕವರಿದ್ದಾಗ ಊರಿನ ಬೋರ್‌ವೆಲ್ ನೀರು ಕುಡಿದರು, ಅಷ್ಟೇ.

ಆ ನೀರಿನ ಕಥೆಗೆ ಬರುತ್ತೇನೆ. ಅದಕ್ಕೂ ಮೊದಲು ಒಂದು ವಿಷಯ. ಹಲ್ಲಿನ ಸಹಜ ಬಣ್ಣ ಕಾಗದದ ಹಾಗೆ ಬೆಳ್ಳಗಿರುವುದೇ ಇಲ್ಲ. ಮೇಲಿನ ಎನಾಮಲ್ ಬೆಳಕು ಹಾಯುವಂಥ ಪದರ. ಅದರ ಕೆಳಗಿರುವ ಡೆಂಟಿನ್ ಹಳದಿ. ನಮಗೆ ಕಾಣುವುದು ಎರಡೂ ಸೇರಿದ ಬಣ್ಣ. ವಯಸ್ಸಾದ ಹಾಗೆ ಎನಾಮಲ್ ಸವೆಯುತ್ತದೆ, ಡೆಂಟಿನ್ ದಪ್ಪವಾಗುತ್ತದೆ. ಹಲ್ಲು ಹಳದಿಯಾಗುತ್ತದೆ. ಕೂದಲು ನೆರೆತಷ್ಟೇ ಸಹಜ ಇದು. ಮಕ್ಕಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಎಷ್ಟೋ ಅಮ್ಮಂದಿರು ಗಾಬರಿಯಾಗುತ್ತಾರೆ, ಇಷ್ಟು ಹಳದಿ ಯಾಕೆ ಅಂತ. ಹಾಲುಹಲ್ಲಿಗಿಂತ ಶಾಶ್ವತ ಹಲ್ಲು ಸ್ವಲ್ಪ ಹಳದಿಯಾಗೇ ಇರುತ್ತದೆ. ಪಕ್ಕಪಕ್ಕ ಇದ್ದಾಗ ಜಾಸ್ತಿ ಕಾಣುತ್ತದೆ, ಅಷ್ಟೇ.

ಹಲ್ಲಿನ ಡಾಕ್ಟರುಗಳ ಹತ್ತಿರ ಬಣ್ಣ ಹೋಲಿಸಿ ನೋಡುವ ಒಂದು ಪಟ್ಟಿ ಇರುತ್ತದೆ. ವೀಟಾ ಅನ್ನುವ ಜರ್ಮನ್ ಕಂಪನಿ 1956ರಲ್ಲಿ ತಂದದ್ದು. ಅದರಲ್ಲಿ 16 ಬಣ್ಣ. ಆ 16ರಲ್ಲಿ ಒಂದೂ ಸಿನಿಮಾ ನಟರ ಹಲ್ಲಿನಷ್ಟು ಬಿಳಿ ಇಲ್ಲ. ಅದಕ್ಕಿಂತ ಬಿಳಿಯಾದ ಬಣ್ಣಗಳು ಆಮೇಲೆ ಸೇರಿದವು, ಹಲ್ಲು ಬ್ಲೀಚ್ ಮಾಡುವುದು ಶುರುವಾದ ಮೇಲೆ. ಅಂದರೆ ಈಗ ನಾವು ಆಸೆಪಡುವ ಬಿಳಿ, ಮನುಷ್ಯರ ಬಾಯಲ್ಲಿ ಹುಟ್ಟುವ ಬಿಳಿಯೇ ಅಲ್ಲ.

ಇನ್ನು ಹೊರಗಿನಿಂದ ಹತ್ತುವ ಕರೆ. ಕಾಫಿ, ಟೀ, ಎಲೆಅಡಿಕೆ, ಬೀಡಿ, ಸಿಗರೇಟು. ಇವು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ್ದೂ ಒಂದೆರಡು ಇವೆ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ವಾರಗಟ್ಟಲೆ ಬಳಸಿದರೆ ಹಲ್ಲು ಕಂದಾಗುತ್ತದೆ. ಮಕ್ಕಳಿಗೆ ಕೊಡುವ ಕಬ್ಬಿಣಾಂಶದ ಸಿರಪ್ಪಿನಿಂದ ಕಪ್ಪು ಕರೆ ಬರಬಹುದು. ಇವೆಲ್ಲ ಮೇಲ್ಮೈಯ ಕರೆ. ಡಾಕ್ಟರ ಹತ್ತಿರ ಕ್ಲೀನಿಂಗ್ ಮಾಡಿಸಿದರೆ ಹೋಗುತ್ತದೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅನ್ನುವ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಹಲ್ಲಿಗೆ ಕಟ್ಟಿದ್ದ ಕಿಟ್ಟ ತೆಗೆದಾಗ ಸಂದು ಖಾಲಿ ಅನಿಸುತ್ತದೆ. ನಿಜಕ್ಕೂ ಹಲ್ಲನ್ನು ಸಡಿಲ ಮಾಡುವುದು ಆ ಕಿಟ್ಟವೇ.

ಗುಟ್ಕಾ, ಅಡಿಕೆ ಹಾಕುವವರು ಕರೆ ತೆಗೆಸಲು ಹೋಗುತ್ತಾರೆ. ದಯವಿಟ್ಟು ಕರೆಯನ್ನು ಪಕ್ಕಕ್ಕಿಡಿ. ನಿಮ್ಮ ಬಾಯಿ ಎಷ್ಟು ಅಗಲ ತೆರೆಯುತ್ತದೆ ಅಂತ ಮೊದಲು ನೋಡಿಕೊಳ್ಳಿ. ಖಾರ ತಿಂದರೆ ಉರಿ, ಬಾಯಿ ಪೂರ್ತಿ ತೆರೆಯಲು ಕಷ್ಟ ಅಂತಾದರೆ ಅದು ಒಳಗಿನ ಚರ್ಮ ಗಟ್ಟಿಯಾಗುತ್ತಿರುವ ಲಕ್ಷಣ. ಅದು ಮುಂದೆ ಕ್ಯಾನ್ಸರ್ ಆಗಬಹುದು. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಎರಡು ದಶಕದ ಹಿಂದೆಯೇ ಹೇಳಿದೆ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ. ಆದರೂ ಹೇಳಲೇಬೇಕು.

ಒಂದೇ ಒಂದು ಹಲ್ಲು ಬೂದು ಬಣ್ಣಕ್ಕೆ ತಿರುಗಿದ್ದರೆ ಕಥೆ ಬೇರೆ. ಯಾವಾಗಲೋ ಬಿದ್ದು ಪೆಟ್ಟಾಗಿ ಒಳಗಿನ ನರ ಸತ್ತಿರಬಹುದು. ಅದಕ್ಕೆ ಯಾವ ಪೇಸ್ಟೂ ಕೆಲಸ ಮಾಡುವುದಿಲ್ಲ. ರೂಟ್ ಕೆನಾಲ್ ಮಾಡಿ, ಆ ಹಲ್ಲಿಗೆ ಒಳಗಿನಿಂದಲೇ ಬ್ಲೀಚ್ ಮಾಡುತ್ತಾರೆ. ಹಲ್ಲೆಲ್ಲ ಬೂದು ಪಟ್ಟಿ ಪಟ್ಟಿಯಾಗಿದ್ದರೆ, ಹಲ್ಲು ಬೆಳೆಯುವ ವಯಸ್ಸಿನಲ್ಲಿ ಟೆಟ್ರಾಸೈಕ್ಲಿನ್ ಔಷಧ ಕೊಟ್ಟಿದ್ದಿರಬಹುದು. ಬಸುರಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಆ ಔಷಧ ಬೇಡ ಅನ್ನುವುದು ಇದಕ್ಕೇ.

ಹಾಗಾದರೆ ಈ ಬಿಳಿ ಮಾಡುವ ಚಿಕಿತ್ಸೆ ಏನು ಮಾಡುತ್ತದೆ? ಅದರಲ್ಲಿರುವುದು ಹೈಡ್ರೋಜನ್ ಪೆರಾಕ್ಸೈಡ್, ಇಲ್ಲವೇ ಕಾರ್ಬಮೈಡ್ ಪೆರಾಕ್ಸೈಡ್. ಎನಾಮಲ್ ದಾಟಿ ಒಳಗಿಳಿದು ಬಣ್ಣದ ಕಣಗಳನ್ನು ಒಡೆಯುತ್ತದೆ. ವಯಸ್ಸಿನ ಹಳದಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಅದರಲ್ಲಿ ಸುಳ್ಳಿಲ್ಲ. ಕೆಲವು ದಿನ ಹಲ್ಲು ಜುಮ್ ಅನ್ನುತ್ತದೆ, ಒಸಡಿಗೆ ತಾಗಿದರೆ ಸುಡುತ್ತದೆ. ಕ್ಯಾಪ್ ಹಾಕಿದ ಹಲ್ಲು, ಫಿಲ್ಲಿಂಗ್ ಇದ್ದ ಜಾಗ ಬಿಳಿಯಾಗುವುದಿಲ್ಲ. ಬಂದ ಬಿಳಿ ಶಾಶ್ವತವೂ ಅಲ್ಲ. ಯುರೋಪಿನಲ್ಲಿ 0.1 ಪರ್ಸೆಂಟಿಗಿಂತ ಜಾಸ್ತಿ ಪೆರಾಕ್ಸೈಡ್ ಇರುವುದನ್ನು ಹಲ್ಲಿನ ಡಾಕ್ಟರ ಮೂಲಕವೇ ಕೊಡಬೇಕು, 6 ಪರ್ಸೆಂಟ್ ದಾಟಬಾರದು, 18 ವರ್ಷದೊಳಗಿನವರಿಗೆ ಕೊಡಬಾರದು. ಅಷ್ಟು ಜಾಗ್ರತೆ ಬೇಕಾದ ವಸ್ತು ಅದು. ಬ್ಯೂಟಿ ಪಾರ್ಲರಿನಲ್ಲಿ ಕೂತು ಮಾಡಿಸಿಕೊಳ್ಳುವಂಥದ್ದಲ್ಲ. ಹಲ್ಲು, ಒಸಡು ಗಟ್ಟಿ ಇರುವ ದೊಡ್ಡವರು ಡಾಕ್ಟರ ಹತ್ತಿರ ಮಾಡಿಸಿಕೊಂಡರೆ ನನ್ನದೇನೂ ತಕರಾರಿಲ್ಲ.

ತಕರಾರು ಇರುವುದು ನಿಂಬೆಹಣ್ಣು, ಅಡುಗೆ ಸೋಡಾ ತಿಕ್ಕಿ ಅಂತ ಹೇಳಿಕೊಡುವ ರೀಲ್ಸ್ ಮೇಲೆ. ನಿಂಬೆರಸದ ಹುಳಿಗೆ ಎನಾಮಲ್ ಕರಗುತ್ತದೆ. ಒಮ್ಮೆ ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ಗಸಗಸ ಉಜ್ಜಿದರೂ ಅದು ಸವೆಯುತ್ತದೆ. ಮೇಲಿನ ಪದರ ತೆಳ್ಳಗಾದಷ್ಟೂ ಒಳಗಿನ ಹಳದಿ ಜಾಸ್ತಿ ಕಾಣುತ್ತದೆ. ಬಿಳಿ ಮಾಡಲು ಹೋಗಿ ಇನ್ನೂ ಹಳದಿ ಮಾಡಿಕೊಂಡ ಹಾಗೆ.

ಈಗ ನೀರಿನ ಕಥೆ. ನಮ್ಮ ಕಡೆಯ ಕಂದು ಗೆರೆಗೆ ಕಾರಣ ಫ್ಲೋರೈಡ್. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ಗದಗ, ರಾಯಚೂರು. ಬಯಲುಸೀಮೆಯ ಇಷ್ಟು ಜಿಲ್ಲೆಗಳಲ್ಲಿ ಈ ತೊಂದರೆ ಇದೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರೇ ಇಲ್ಲ ಅಂದರೆ 1.5ರ ತನಕ ನಡೆಯುತ್ತದೆ. ಇದು ನಮ್ಮ ದೇಶದ ಮಾನದಂಡ. ನಮ್ಮಲ್ಲಿ ಎಷ್ಟೋ ಬೋರ್‌ವೆಲ್ ಇದನ್ನು ದಾಟಿವೆ.

ಇದು ಕಲ್ಲಿನಿಂದ ಬರುತ್ತದೆ. ನಮ್ಮ ನೆಲದ ಕೆಳಗಿರುವ ಕಣಶಿಲೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಆ ಕಲ್ಲಿನ ಬಿರುಕಲ್ಲಿ ವರ್ಷಗಟ್ಟಲೆ ನಿಂತರೆ ಫ್ಲೋರೈಡ್ ಕರಗಿ ಸೇರುತ್ತದೆ. ಮಳೆನೀರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಕೆರೆ ತುಂಬುತ್ತಿತ್ತು, ಸೇದುವ ಬಾವಿ ಇತ್ತು, ನಮ್ಮ ಅಜ್ಜಂದಿರು ಆ ಮೇಲಿನ ನೀರು ಕುಡಿದರು. ಕೆರೆ ಹೂಳು ತುಂಬಿತು, ಬಾವಿ ಬತ್ತಿತು. ನಾವು ನೂರಾರು ಅಡಿ ಕೊರೆದು ಹಳೇ ನೀರು ಎತ್ತಿದೆವು. ಆಳಕ್ಕೆ ಹೋದಷ್ಟೂ ಫ್ಲೋರೈಡ್ ಹೆಚ್ಚು ಸಿಗುವ ಸಾಧ್ಯತೆ ಜಾಸ್ತಿ.

ಎನಾಮಲ್ ಕಟ್ಟಿಕೊಳ್ಳುವುದು ಹಲ್ಲು ಹೊರಬರುವ ಮೊದಲು, ಒಸಡಿನ ಒಳಗೆ. ಮುಂದಿನ ಹಲ್ಲುಗಳಿಗೆ ಈ ಕೆಲಸ 8 ವರ್ಷದೊಳಗೆ ಮುಗಿಯುತ್ತದೆ. ಆ ಹೊತ್ತಿಗೆ ಫ್ಲೋರೈಡ್ ಜಾಸ್ತಿ ಹೋದರೆ ಎನಾಮಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಮೊದಲು ಬಿಳಿ ಮಚ್ಚೆ, ಆಮೇಲೆ ಕಂದು. ಈ ಕರೆ ಹಲ್ಲಿನ ಒಳಗೇ ಸೇರಿರುತ್ತದೆ. ಅದಕ್ಕೇ ಉಜ್ಜಿದರೆ ಹೋಗುವುದಿಲ್ಲ. ಸುಮ್ನೆ ಬ್ಲೀಚ್ ಮಾಡಿದರೆ ಕೆಲವರಿಗೆ ಬಿಳಿ ಮಚ್ಚೆ ಮೊದಲಿಗಿಂತ ಎದ್ದು ಕಾಣುತ್ತದೆ. ಡಾಕ್ಟರ ಹತ್ತಿರ ಮೇಲಿನ ಪದರ ತುಸು ಉಜ್ಜಿ ತೆಗೆಸುವುದು, ಮಚ್ಚೆಯೊಳಗೆ ರೆಸಿನ್ ಅನ್ನುವ ಅಂಟಿನಂಥ ವಸ್ತು ತುಂಬಿಸುವುದು, ತೀರಾ ಜಾಸ್ತಿ ಇದ್ದರೆ ವಿನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ ಹಾಕಿಸುವುದು, ಇವೆಲ್ಲ ಇವೆ. ಆದರೆ ಕೂಲಿ ಮಾಡುವ ಮನೆಯ ಹುಡುಗಿಗೆ ಸಾಲಾಗಿ ಮುಂದಿನ ಹಲ್ಲಿಗೆಲ್ಲ ವಿನೀರ್ ಹಾಕಿಸುವ ದುಡ್ಡು ಎಲ್ಲಿಂದ ಬರಬೇಕು?

ಅಮೆರಿಕದ ಒಂದು ಊರಿನ ವಿಷಯ ಹೇಳುತ್ತೇನೆ. 1901ರಲ್ಲಿ ಫ್ರೆಡರಿಕ್ ಮೆಕೇ ಅನ್ನುವ ಹಲ್ಲಿನ ಡಾಕ್ಟರು ಕೊಲರಾಡೊ ಸ್ಪ್ರಿಂಗ್ಸ್‌ಗೆ ಬಂದರು. ಅಲ್ಲಿ ಜನರ ಹಲ್ಲೆಲ್ಲ ಕಂದು. ಹಂದಿಮಾಂಸ ಜಾಸ್ತಿ ತಿಂದದ್ದಕ್ಕೆ ಅಂದರು, ಹಾಲು ಕೆಟ್ಟದ್ದು ಅಂದರು. ಮೆಕೇ ವರ್ಷಗಟ್ಟಲೆ ಹುಡುಕಿದರು. 1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಅನ್ನುವ ಊರಿಗೆ ಹೋದಾಗ ಅಲ್ಲಿನ ಅಪ್ಪ ಅಮ್ಮಂದಿರೇ ಅವರಿಗೆ ಹೇಳಿದರು. ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪ್ ಹಾಕಿದ ಮೇಲೆ ಮಕ್ಕಳ ಹಲ್ಲು ಹೀಗಾಯಿತು ಅಂತ. ಮೆಕೇ ನೀರು ಪರೀಕ್ಷೆ ಮಾಡಿದರು, ಏನೂ ಸಿಗಲಿಲ್ಲ. ಆದರೂ ಆ ಪೈಪ್ ಬಿಡಿ, ಬೇರೆ ಬುಗ್ಗೆಯ ನೀರು ತನ್ನಿ ಅಂದರು. ಊರು ಹಾಗೇ ಮಾಡಿತು. ಕೆಲವೇ ವರ್ಷದಲ್ಲಿ ಚಿಕ್ಕ ಮಕ್ಕಳಿಗೆ ಬಂದ ಹೊಸ ಹಲ್ಲು ಚೆನ್ನಾಗಿತ್ತು. ಅದು ಫ್ಲೋರೈಡ್ ಅಂತ ಗೊತ್ತಾಗಿದ್ದು 1931ರಲ್ಲಿ. ಅಂದರೆ ಕಾರಣ ಏನೆಂದು ತಿಳಿಯುವ ಮೊದಲೇ ಒಂದು ಊರು ತನ್ನ ಮಕ್ಕಳ ಹಲ್ಲು ಉಳಿಸಿಕೊಂಡಿತು.

ನಮ್ಮ ದೇಶದಲ್ಲಿ 1937ರಲ್ಲೇ ನೆಲ್ಲೂರಿನ ಕಡೆ ಫ್ಲೋರೈಡಿನಿಂದ ಮೂಳೆ ಗಟ್ಟಿಯಾಗಿ ಬೆನ್ನು ಬಗ್ಗಿದವರ ಬಗ್ಗೆ ವೈದ್ಯರು ಬರೆದರು. ಹೌದು, ಇದು ಹಲ್ಲಿಗೇ ನಿಲ್ಲುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಕೀಲು ನೋವು, ಬಿಗಿತ, ಬೆನ್ನು ಬಾಗುವುದು. ಫ್ಲೋರೈಡ್ ಜಾಸ್ತಿಯಾಗಿ ಹಲ್ಲು, ಮೂಳೆಗೆ ಬರುವ ಈ ಕಾಯಿಲೆಗೆ ಫ್ಲೋರೋಸಿಸ್ ಅಂತಾರೆ. ಕೇಂದ್ರ ಸರ್ಕಾರ ಅದರ ತಡೆಗೆ ಅಂತಲೇ 2008–09ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿತು. ಊರೂರಿಗೆ ಶುದ್ಧ ನೀರಿನ ಘಟಕ ಬಂತು. ತುಂಗಭದ್ರಾ ಹಿನ್ನೀರಿನಿಂದ ನಮ್ಮ ಕಡೆಗೆ ನೀರು ತರುವ ಯೋಜನೆಯೂ ಬಂತು. ಇದೆಲ್ಲ ಒಳ್ಳೆಯದೇ.

ಆದರೂ ಒಂದು ವಿಷಯ ನನ್ನನ್ನು ಕಾಡುತ್ತದೆ. ಕಾಯಿನ್ ಹಾಕಿ ಕ್ಯಾನಿನಲ್ಲಿ ತಂದ ನೀರು ಕುಡಿಯುವುದಕ್ಕೆ ಮಾತ್ರ. ಅನ್ನಕ್ಕೆ, ಸಾರಿಗೆ, ಮುದ್ದೆಗೆ ಅದೇ ಬೋರ್‌ವೆಲ್ ನೀರು. ಅನ್ನ ಹೀರಿಕೊಂಡ ನೀರು ಮಗುವಿನ ಹೊಟ್ಟೆಗೇ ಅಲ್ವಾ ಹೋಗುವುದು? ಕುದಿಸಿದರೆ ಸರಿಹೋಗುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಮಾಮೂಲಿ ಕ್ಯಾಂಡಲ್ ಫಿಲ್ಟರಿಗೂ ಅದು ಸಿಗುವುದಿಲ್ಲ. ಆರ್‌ಒ ತೆಗೆಯುತ್ತದೆ, ಅದೂ ಸರಿಯಾಗಿ ನೋಡಿಕೊಂಡರೆ. ಘಟಕ ಕೆಟ್ಟು ಬೀಗ ಹಾಕಿರುವ ಊರುಗಳೂ ಇವೆ.

ನನ್ನ ಅಭಿಪ್ರಾಯ ಇಷ್ಟು. ಇದ್ದಬದ್ದ ಒಳ್ಳೆ ನೀರಿಗೆ ಮೊದಲ ಹಕ್ಕು 8 ವರ್ಷದೊಳಗಿನ ಮಕ್ಕಳದ್ದು. ಅಂಗನವಾಡಿಯಲ್ಲಿ, ಶಾಲೆಯ ಬಿಸಿಯೂಟದಲ್ಲಿ ಕುಡಿಯಲಿಕ್ಕೂ ಅಡುಗೆಗೂ ಫ್ಲೋರೈಡ್ ಕಡಿಮೆ ಇರುವ ನೀರೇ ಬಳಸಬೇಕು. ಛಾವಣಿ ಮೇಲೆ ಬೀಳುವ ಮಳೆನೀರು ಹಿಡಿದಿಟ್ಟರೂ ಅದಕ್ಕೆ ಎಷ್ಟೋ ನೆರವಾಗುತ್ತದೆ. ಈಗಾಗಲೇ ಹಲ್ಲು ಕಂದಾಗಿರುವ ಹುಡುಗ ಹುಡುಗಿಯರಿಗೆ ಸರ್ಕಾರಿ ದಂತ ಕಾಲೇಜುಗಳಲ್ಲಿ ಪುಕ್ಕಟೆ ಚಿಕಿತ್ಸೆ ಸಿಗಬೇಕು. ಇದನ್ನು ಸೌಂದರ್ಯದ ಶೋಕಿ ಅಂತ ತಳ್ಳಿಹಾಕಬೇಡಿ. ಊರಿನ ನೀರು ಮಾಡಿದ ಗಾಯಕ್ಕೆ ಅವರು ಕೈಯಿಂದ ದುಡ್ಡು ಯಾಕೆ ಕಟ್ಟಬೇಕು?

ಹಾಗಂತ ಫ್ಲೋರೈಡ್ ಇರುವ ಟೂತ್‌ಪೇಸ್ಟ್ ಎಸೆಯಬೇಡಿ. ಹದವಾಗಿದ್ದರೆ ಅದು ಹುಳುಕು ತಡೆಯುತ್ತದೆ. ಚಿಕ್ಕ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಮೂರು ವರ್ಷ ದಾಟಿದವರಿಗೆ ಬಟಾಣಿಯಷ್ಟು ಸಾಕು. ನುಂಗದ ಹಾಗೆ ನೋಡಿಕೊಳ್ಳಿ.

ಬಯಲುಸೀಮೆಯವರು ಈ ವಾರ ನಿಮ್ಮ ಗ್ರಾಮ ಪಂಚಾಯಿತಿಗೆ ಹೋಗಿ. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಕೊನೆಯ ಪರೀಕ್ಷೆ ಯಾವಾಗ ಆಯಿತು ಅಂತ ಕೇಳಿ. ಜಲ ಜೀವನ್ ಮಿಷನ್‌ನಲ್ಲಿ ಊರಿನ ಹೆಣ್ಣುಮಕ್ಕಳಿಗೇ ನೀರು ಪರೀಕ್ಷೆ ಮಾಡುವ ಕಿಟ್ ಕೊಟ್ಟು ತರಬೇತಿ ಕೊಡಬೇಕು ಅಂತಿದೆ. ನಿಮ್ಮೂರಲ್ಲಿ ಆ ಕಿಟ್ ಯಾರ ಹತ್ತಿರ ಇದೆ, ಅದರಲ್ಲಿ ಫ್ಲೋರೈಡ್ ಪರೀಕ್ಷೆಯ ಔಷಧ ಮುಗಿದಿದೆಯಾ ನೋಡಿ. ಬಂದ ಸಂಖ್ಯೆಯನ್ನು ಊರಿನ ಹೆಸರಿನ ಜೊತೆ ನನಗೆ ಕಳಿಸಿ. 1.5 ದಾಟಿರುವ ಊರುಗಳ ಹೆಸರನ್ನು ಮುಂದಿನ ಸಂಚಿಕೆಯಲ್ಲಿ ಒಂದೊಂದಾಗಿ ಓದುತ್ತೇನೆ.