ಮಂಡಿಯೂರುವ ಮಗುವಿಗೆ ಮಳೆಯಂಗಿ

ಕೇಳುಗರಿಗೆ ನಮಸ್ಕಾರ.

ಮಗುವಿಗೆ ಮಳೆಯಂಗಿ ಕೊಳ್ಳುವಾಗ ನಾವು ಅದನ್ನು ಕನ್ನಡಿಯ ಮುಂದೆ ಸಿಪಾಯಿಯ ಹಾಗೆ ನೆಟ್ಟಗೆ ನಿಲ್ಲಿಸುತ್ತೇವೆ. ತೋಳು ಸರಿಯಾಗಿದೆ, ಬಣ್ಣ ಒಪ್ಪುತ್ತದೆ, ಜಿಪ್ ಸಲೀಸಾಗಿ ಏರುತ್ತದೆ ಎಂದಾದರೆ ಆಯ್ಕೆ ಮುಗಿಯಿತು. ಆದರೆ ಮೂರು ವರ್ಷದ ಮಗುವಿಗೆ ನೆಟ್ಟಗೆ ನಿಲ್ಲಲು ಪುರುಸೊತ್ತೆಲ್ಲಿದೆ? ಹೊರಗೆ ಬಿಟ್ಟ ಕೂಡಲೇ ಅದು ಕುಕ್ಕರಗಾಲಿನಲ್ಲಿ ಕೂರುತ್ತದೆ, ಮಂಡಿಯೂರಿ ಎರೆಹುಳು ಹುಡುಕುತ್ತದೆ, ಒದ್ದೆ ಹುಲ್ಲಿನಲ್ಲಿ ಜಾರುತ್ತದೆ, ನೀರು ನಿಂತ ಗುಂಡಿಯ ನಡುವೆ ದೊಪ್ಪನೆ ಕುಳಿತುಬಿಡುತ್ತದೆ. ಮಳೆ, ಚಳಿ ತಡೆಯುವ ಉಡುಪನ್ನು ಆರಿಸಬೇಕಾದದ್ದು ಈ ಮಗುವಿಗೆ. ಉಡುಪಿನ ಪರೀಕ್ಷೆ ನಡೆಯುವುದು ಹೆಗಲಿನಲ್ಲಿ ಅಲ್ಲ, ಮಂಡಿಯಲ್ಲಿ.

ಮೊದಲು ಚಳಿಯ ಮಾತು. ಚಿಕ್ಕ ಮಕ್ಕಳ ಮೈ ನಮ್ಮದಕ್ಕಿಂತ ಬೇಗ ತಣ್ಣಗಾಗುತ್ತದೆ. ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ಹೆಚ್ಚು. ಶಾಖ ಉಳಿಸಿಕೊಳ್ಳುವ ಮೈ ಸಣ್ಣದು, ಅದನ್ನು ಕಳೆದುಕೊಳ್ಳುವ ಮೇಲ್ಮೈ ದೊಡ್ಡದು. ಹಸುಳೆಗಳಿಗಂತೂ ನಡುಗಿ ಮೈ ಬಿಸಿಮಾಡಿಕೊಳ್ಳುವ ಶಕ್ತಿಯೂ ಪೂರ್ತಿ ಬಂದಿರುವುದಿಲ್ಲ. ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎಂಬ ಮಾತನ್ನು ನೀವು ಕೇಳಿರುತ್ತೀರಿ. ದೊಡ್ಡವರ ಮಟ್ಟಿಗೆ ಅದು ಸುಳ್ಳು. ಮಕ್ಕಳ ವಿಷಯದಲ್ಲಿ ಮಾತ್ರ ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸುಟ್ಟ ಗಾಯದ ವಿಸ್ತಾರವನ್ನು ಲೆಕ್ಕಹಾಕಲು ವೈದ್ಯರು ಬಳಸುವ ಲಂಡ್ ಮತ್ತು ಬ್ರೌಡರ್ ನಕ್ಷೆ 1944ರಷ್ಟು ಹಳೆಯದು. ಅದರಲ್ಲಿ ದೊಡ್ಡವರ ತಲೆಗೆ ಮೈಯ ಶೇಕಡಾ 7ರಷ್ಟು ಜಾಗವಿದ್ದರೆ ಎಳೆಗೂಸಿನ ತಲೆಗೆ ಶೇಕಡಾ 19ರಷ್ಟಿದೆ. ಹಾಗಾಗಿ ಕಿವಿ ಮುಚ್ಚುವ ಟೋಪಿಯೊಂದು ಪುಟ್ಟ ಮಗುವಿಗೆ ಮಾಡುವ ಉಪಕಾರ ನಮಗೆ ಮಾಡುವುದಕ್ಕಿಂತ ಎಷ್ಟೋ ಹೆಚ್ಚು. ಆದರೆ ಮನೆಯೊಳಗೆ ಬಂದ ಮೇಲೆ, ಅದರಲ್ಲೂ ಮಲಗಿಸುವ ಮುನ್ನ, ಆ ಟೋಪಿಯನ್ನು ತೆಗೆಯಲೇಬೇಕು. ನಿದ್ದೆಯಲ್ಲಿ ಮೈ ವಿಪರೀತ ಬಿಸಿಯಾಗುವುದು ಹಸುಳೆಗಳಿಗೆ ಅಪಾಯ.

ಚಳಿಗೆ ಒದ್ದೆ ಸೇರಿದರೆ ಲೆಕ್ಕವೇ ಬೇರೆ. ಗಾಳಿಗಿಂತ ನೀರು ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ತನ್ನ ನೂಲುಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಆ ಜಾಗಕ್ಕೆ ನೀರು ನುಗ್ಗಿದರೆ ಎಷ್ಟು ದಪ್ಪದ ಸ್ವೆಟರ್ ಇದ್ದರೂ ಮಗು ಚಳಿಗೆ ಬಿದ್ದಂತೆಯೇ. ನೀರು ಹೊರಗಿನಿಂದಲೇ ಬರಬೇಕೆಂದಿಲ್ಲ. ಓಡಿ ಕುಣಿದ ಮಗು ಒಳಗಿನಿಂದ ಬೆವರಿ ಒದ್ದೆಯಾಗುತ್ತದೆ, ಆಮೇಲೆ ಸುಮ್ಮನೆ ಕೂತಾಗ ಗಡಗಡ ನಡುಗುತ್ತದೆ. ಹೆಚ್ಚು ಪ್ರೀತಿಯಿಂದ ಹೆಚ್ಚು ಬಟ್ಟೆ ತೊಡಿಸಿದ ಮಕ್ಕಳಿಗೆ ಈ ಗತಿ ಬರುವುದು ಜಾಸ್ತಿ.

ಆದ್ದರಿಂದ ಮೈಗೆ ತಾಗುವ ಮೊದಲ ಪದರ ಹತ್ತಿಯದಾಗಬಾರದು. ಮಕ್ಕಳಿಗೆ ಹತ್ತಿಯೇ ಶ್ರೇಷ್ಠ ಎಂದು ನಂಬಿ ಬೆಳೆದವರಿಗೆ ಇದು ಒರಟು ಮಾತೆನಿಸಬಹುದು. ಸೆಕೆಯಲ್ಲಿ ಹತ್ತಿಗೆ ಸಾಟಿಯಿಲ್ಲ, ಒಪ್ಪುತ್ತೇನೆ. ಚಳಿಯಲ್ಲಿ ಅದು ಬೆವರನ್ನು ಹೀರಿ, ಬೇಗ ಆರದೆ, ತಣ್ಣಗೆ ಮೈಗೆ ಅಂಟಿಕೊಂಡು ಕೂರುತ್ತದೆ. ನಯವಾದ ತೆಳು ಉಣ್ಣೆ ಇದಕ್ಕೆ ತಕ್ಕದ್ದು. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಒಳಗೆಳೆದುಕೊಂಡರೂ ಉಣ್ಣೆ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಉಣ್ಣೆ ಚುಚ್ಚುತ್ತದೆ ಎಂದು ಮಗು ಹಟ ಹಿಡಿದರೆ ಪಾಲಿಯೆಸ್ಟರಿನ ತೆಳು ಒಳಂಗಿಯೂ ನಡೆಯುತ್ತದೆ. ಅದು ನೀರನ್ನು ಹೀರುವುದೇ ಕಡಿಮೆ. ಅದರ ಮೇಲೆ ಫ್ಲೀಸ್ ಎಂಬ ಮೆತ್ತನೆಯ ಪಾಲಿಯೆಸ್ಟರ್ ಬಟ್ಟೆಯ ಅಥವಾ ಉಣ್ಣೆಯ ಸ್ವೆಟರ್, ಎಲ್ಲದರ ಮೇಲೆ ನೀರು, ಗಾಳಿ ಎರಡನ್ನೂ ತಡೆಯುವ ಹೊರ ಅಂಗಿ. ಹಕ್ಕಿಗಳ ಎಳೆಪುಕ್ಕ ತುಂಬಿದ ಉಬ್ಬು ಜಾಕೆಟ್ ಒಣಚಳಿಗೆ ಸೊಗಸು. ಮಳೆಗೆ ಸಿಕ್ಕರೆ ಅದರ ಪುಕ್ಕ ಗಂಟುಕಟ್ಟಿ, ಉಬ್ಬು ಇಳಿದು, ಕೆಲಸಕ್ಕೆ ಬಾರದಂತಾಗುತ್ತದೆ.

ಎಷ್ಟು ಪದರ ಬೇಕು? ಅದೇ ಹವೆಯಲ್ಲಿ ದೊಡ್ಡವರು ತೊಡುವುದಕ್ಕಿಂತ ಒಂದು ಪದರ ಹೆಚ್ಚು ಎಂಬುದು ಮಕ್ಕಳ ವೈದ್ಯರು ಸಾಮಾನ್ಯವಾಗಿ ಹೇಳುವ ಅಳತೆ. ಅರ್ಧ ಗಂಟೆ ಆಡಿದ ಮೇಲೆ ಮಗುವಿನ ಕೊರಳಿನ ಹಿಂದೆ, ಅಂಗಿಯೊಳಗೆ ಎರಡು ಬೆರಳು ಇಟ್ಟು ನೋಡಿ. ಬೆಚ್ಚಗೆ, ಒಣಗಿ ಇದ್ದರೆ ಸರಿ. ಜಿಗುಟಾಗಿದ್ದರೆ ಒಂದು ಪದರ ಕಳಚಿ. ಕೈ ಕಾಲಿನ ಬೆರಳುಗಳನ್ನು ಮುಟ್ಟಿ ತೀರ್ಮಾನಿಸಬೇಡಿ. ಪುಟ್ಟ ಮಕ್ಕಳಲ್ಲಿ ಅವು ತಣ್ಣಗಿರುವುದು ಮಾಮೂಲು.

ಈಗ ಹೊರ ಅಂಗಿಗೆ ಬರೋಣ. ನೀರು ತೂರದ ಬಟ್ಟೆಯ ಕಥೆ ಹಳೆಯದು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರನ್ನು ಹಚ್ಚಿ ಅಂಟಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಅದು ನೀರನ್ನು ತಡೆಯಿತು, ಬೆವರನ್ನೂ ತಡೆಯಿತು. 1969ರಲ್ಲಿ ಅಮೆರಿಕದ ಬಾಬ್ ಗೋರ್, ಕಾಯಿಸಿದ ಟೆಫ್ಲಾನ್ ಸರಳನ್ನು ಥಟ್ಟನೆ ಎಳೆದಾಗ ಅದು ಹರಿಯದೆ ಸೂಕ್ಷ್ಮ ರಂಧ್ರಗಳ ಹಾಳೆಯಾಗಬಲ್ಲದು ಎಂದು ಕಂಡುಕೊಂಡ. ನೀರಿನ ಹನಿ ತೂರಲಾರದ, ಬೆವರಿನ ಆವಿ ಮಾತ್ರ ತೂರಬಲ್ಲ ರಂಧ್ರಗಳು ಅವು. ಪರ್ವತ ಹತ್ತುವವರಿಗೆ ಅದು ವರವಾಯಿತು. ಅಂಗಳದಲ್ಲಿ ಒಂದು ಗಂಟೆ ಆಡುವ ಮಗುವಿಗೆ ಅದು ಬೇಕೇ ಬೇಕು ಎಂದು ನನಗೆ ಅನಿಸುವುದಿಲ್ಲ. ಮೇಲೆಲ್ಲ ಕೆಸರು ಮೆತ್ತಿಕೊಂಡ ಮೇಲೆ ಆವಿ ಹೋಗಲು ದಾರಿ ಉಳಿದಿರುವುದೂ ಅಷ್ಟಕ್ಕಷ್ಟೆ. ಪಾಲಿಯುರೆಥೇನ್ ಎಂಬ ಬಗ್ಗುವ ಪ್ಲಾಸ್ಟಿಕ್ ಲೇಪಿಸಿದ, ಬಗ್ಗಿದಲ್ಲಿ ಬಗ್ಗುವ, ಸಡಿಲವಾದ ಉಡುಪು ಸಾಕು. ದಿನವಿಡೀ ಬೆಟ್ಟದಲ್ಲಿ ನಡೆಯುವ ಮಕ್ಕಳ ಮಾತು ಬೇರೆ.

ಲೇಬಲ್ಲಿನ ಮೇಲೆ 3,000, 5,000, 10,000 ಮಿಲಿಮೀಟರ್ ಎಂದು ಬರೆದಿರುತ್ತದೆ. ಇದು ನೀರಿನ ಕಂಬದ ಎತ್ತರ. ಬಟ್ಟೆಯನ್ನು ಬಿಗಿದು, ಒಂದು ಬದಿಯಿಂದ ನೀರಿನ ಒತ್ತಡವನ್ನು ಏರಿಸುತ್ತ ಹೋಗಿ, ಇನ್ನೊಂದು ಬದಿಯ ಮೂರು ಕಡೆ ಹನಿ ಮೂಡಿದಾಗ ನಿಲ್ಲಿಸುತ್ತಾರೆ. ಆಗ ಕಂಬ ಎಷ್ಟು ಎತ್ತರವಿದ್ದೀತೋ ಅದೇ ಲೇಬಲ್ಲಿನ ಸಂಖ್ಯೆ. ಸುಮ್ಮನೆ ನಿಂತವರ ಮೇಲೆ ಬೀಳುವ ಮಳೆಗೆ 1,500 ಮಿಲಿಮೀಟರಿನ ಬಟ್ಟೆಯೂ ಸಾಕಾದೀತು. ಮಂಡಿಯ ಲೆಕ್ಕ ಹಾಕಿ ನೋಡೋಣ. ಮಗುವಿನ ಹತ್ತು ಕಿಲೋ ಭಾರ ಎರಡು ಮಂಡಿಗಳ ಮೇಲೆ ಬಿದ್ದಿದೆ, ಆ ಮಂಡಿಗಳು ನೆಲಕ್ಕೆ ತಾಗಿದ ಜಾಗ ಒಟ್ಟು 40 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಚದರ ಸೆಂಟಿಮೀಟರಿಗೆ ಕಾಲು ಕಿಲೋ ಒತ್ತಡ ಬಿತ್ತು. ಅದು ಎರಡೂವರೆ ಮೀಟರ್ ನೀರಿನ ಕಂಬಕ್ಕೆ, ಅಂದರೆ 2,500 ಮಿಲಿಮೀಟರಿಗೆ ಸಮ. ಮಂಡಿಯಡಿ ಒಂದು ಹರಳುಕಲ್ಲು ಸಿಕ್ಕರೆ ಅಲ್ಲಿನ ಒತ್ತಡ ಇದರ ಎಷ್ಟೋ ಪಟ್ಟು. ಎಲ್ಲ ಕಡೆ ಒಣಗಿರುವ ಉಡುಪು ಮಂಡಿ ಮತ್ತು ಕೂರುವ ಜಾಗದಲ್ಲಿ ಮಾತ್ರ ಒಸರುವುದು ಇದೇ ಕಾರಣಕ್ಕೆ. ಆದ್ದರಿಂದ ಮೇಲಂಗಿಯ ಸಂಖ್ಯೆಗಿಂತ ಮಳೆಗೆ ತೊಡಿಸುವ ಪ್ಯಾಂಟಿನ ಸಂಖ್ಯೆ ನೋಡಿ. ಅದು 5,000ಕ್ಕಿಂತ ಕೆಳಗಿರುವುದು ಬೇಡ. ನೆಲದ ಮೇಲೆಯೇ ಕೂರುವ ಮಗುವಾದರೆ 8,000 ಅಥವಾ 10,000 ಇರಲಿ. ಮಂಡಿಗೆ ಇನ್ನೊಂದು ಪದರದ ತೇಪೆ ಇದ್ದರೆ ಇನ್ನೂ ಒಳ್ಳೆಯದು, ಸವೆತವೂ ಮೊದಲು ಅಲ್ಲಿಯೇ ಶುರುವಾಗುವುದು.

ಬಟ್ಟೆ ಎಷ್ಟೇ ಗಟ್ಟಿಯಾಗಿರಲಿ, ಹೊಲಿಗೆಯ ಒಂದೊಂದು ತೂತೂ ನೀರಿಗೆ ಬಾಗಿಲು. ಅಂಗಡಿಯಲ್ಲಿ ಉಡುಪನ್ನು ಒಳಮಗ್ಗುಲಿಗೆ ತಿರುವಿ ಹೊಲಿಗೆಗಳ ಮೇಲೆ ಬೆರಳಾಡಿಸಿ. ಉದ್ದಕ್ಕೂ ನುಣುಪಾದ ಪಟ್ಟಿ ಅಂಟಿಸಿದ್ದರೆ, ಇಲ್ಲವೇ ಹೊಲಿಗೆಯ ಬದಲು ಬಿಸಿಯಿಂದ ಬೆಸೆದಿದ್ದರೆ ಅದು ಮಳೆಗೆ ನಿಲ್ಲುತ್ತದೆ. ಬರಿಯ ದಾರ ಕೈಗೆ ಸಿಕ್ಕಿದರೆ ಅದು ತುಂತುರಿಗೆ ಮಾತ್ರ. ಕೆಲವರು ಹೆಗಲು ಮತ್ತು ಟೋಪಿಯ ಹೊಲಿಗೆಗೆ ಮಾತ್ರ ಪಟ್ಟಿ ಅಂಟಿಸಿ ಜಾಹೀರಾತಿನಲ್ಲಿ ಪೂರ್ತಿ ಅಂಟಿಸಿದಂತೆ ಮಾತಾಡುತ್ತಾರೆ; ಕಾಲಿನ ನಡುವಿನ ಹೊಲಿಗೆಯನ್ನೇ ಮೊದಲು ಹುಡುಕಿ.

ಅಳತೆ ನೋಡುವುದೂ ಹಾಗೆಯೇ. ಒಳಗೆ ದಪ್ಪ ಸ್ವೆಟರ್ ತೊಡಿಸಿಯೇ ಮೇಲಂಗಿ ಹಾಕಿ. ಎರಡೂ ಕೈ ಮೇಲೆತ್ತಲಿ: ಮಣಿಕಟ್ಟು ಬೆತ್ತಲಾಗಬಾರದು, ಸೊಂಟ ಕಾಣಬಾರದು. ಕುಕ್ಕರಗಾಲಲ್ಲಿ ಕೂರಲಿ: ಬೆನ್ನಿನ ಕೆಳಗೆ ಸಂದು ಬೀಳಬಾರದು, ಪ್ಯಾಂಟ್ ತೊಡೆಗೆ ಬಿಗಿಯಬಾರದು. ಎದೆಯವರೆಗೆ ಬರುವ, ಹೆಗಲಪಟ್ಟಿಯಿರುವ ಪ್ಯಾಂಟಾದರೆ ಸೊಂಟದ ಚಿಂತೆಯೇ ಇಲ್ಲ. ಅಡಿಯಿಂದ ಮುಡಿಯವರೆಗೆ ಒಂದೇ ತುಂಡಾದ ಉಡುಪು ಅಂಬೆಗಾಲಿಡುವ ಮಗುವಿಗೆ ಬಲು ಅನುಕೂಲ. ಅವಸರದಲ್ಲಿ ಶೌಚಕ್ಕೆ ಓಡಬೇಕಾದ ಮಗುವಿಗೆ ಅದು ಶಿಕ್ಷೆ. ಪ್ಯಾಂಟಿನ ಕಾಲು ಬೂಟಿನ ಹೊರಗಿರಬೇಕು, ಒಳಗೆ ತುರುಕಿದರೆ ಮೈಮೇಲಿನ ನೀರೆಲ್ಲ ಇಳಿದು ಬೂಟಿನಲ್ಲಿ ತುಂಬುತ್ತದೆ. ಪಾದದ ಕೆಳಗೆ ಬರುವ ಎಲಾಸ್ಟಿಕ್ ಪಟ್ಟಿ ಅದನ್ನು ಮೇಲೇರದಂತೆ ಹಿಡಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಕೊರಳಲ್ಲಿ, ಟೋಪಿಯಲ್ಲಿ ಲಾಡಿ ಇರುವ ಅಂಗಿಯನ್ನು ಚಿಕ್ಕ ಮಕ್ಕಳಿಗೆ ಕೊಳ್ಳಬೇಡಿ. ಜಾರುಬಂಡೆಯ ಸಂದಿಗೆ, ವಾಹನದ ಬಾಗಿಲಿಗೆ ಲಾಡಿ ಸಿಕ್ಕಿಕೊಂಡು ಮಕ್ಕಳು ಪ್ರಾಣ ಕಳೆದುಕೊಂಡದ್ದರಿಂದಲೇ ಅಮೆರಿಕದ ಸುರಕ್ಷತಾ ಆಯೋಗ 1996ರಲ್ಲಿ ಇದರ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಯುರೋಪಿನ ಮಾನದಂಡ ಏಳು ವರ್ಷದೊಳಗಿನವರ ಉಡುಪಿನಲ್ಲಿ ತಲೆ ಮತ್ತು ಕೊರಳಿನ ಲಾಡಿಗಳನ್ನು ಒಪ್ಪುವುದಿಲ್ಲ. ಹಳೆಯ ಅಂಗಿಯಲ್ಲಿ ಲಾಡಿ ಇದ್ದರೆ ಎಳೆದು ತೆಗೆದುಬಿಡಿ. ಗುಂಡಿ ಹಾಕಿ ಬಿಡಿಸುವ, ಎಳೆದರೆ ತಾನೇ ಕಳಚಿಕೊಳ್ಳುವ ಟೋಪಿ ಸುರಕ್ಷಿತ.

ಕೈಗೆ ಬೆರಳು ಬಿಡಿಬಿಡಿಯಾದ ಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಚೀಲದಂಥ ಗವಸು ಬೆಚ್ಚಗೆ. ತೊಡಿಸುವವರ ತಾಳ್ಮೆಯೂ ಉಳಿಯುತ್ತದೆ. ರಬ್ಬರ್ ಬೂಟು ನೀರು ತಡೆಯುತ್ತದೆ, ಚಳಿ ತಡೆಯುವುದಿಲ್ಲ. ಒಳಗೆ ಒಂದು ಉಣ್ಣೆಯ ಕಾಲುಚೀಲ ಮತ್ತು ಬೆರಳಾಡಿಸಲು ಜಾಗ ಇರಲಿ. ಎರಡೆರಡು ಕಾಲುಚೀಲ ತುರುಕಿ ಬಿಗಿಮಾಡಿದರೆ ರಕ್ತ ಸರಿಯಾಗಿ ಹರಿಯದೆ ಪಾದ ಮತ್ತಷ್ಟು ತಣ್ಣಗಾಗುತ್ತದೆ. ಬಣ್ಣ ಮಬ್ಬಿನಲ್ಲೂ ಕಣ್ಣಿಗೆ ಹೊಡೆಯುವಂತಿರಲಿ, ಬೆಳಕು ಬಿದ್ದಾಗ ಹೊಳೆಯುವ ಪಟ್ಟಿಯೊಂದು ಇರಲಿ.

ಕಾರಿನಲ್ಲಿ ಕರೆದೊಯ್ಯುವವರು ಗಮನಿಸಬೇಕು. ಉಬ್ಬಿದ ಜಾಕೆಟ್ಟಿನ ಮೇಲೆ ಮಗುವಿನ ಸೀಟಿನ ಬೆಲ್ಟ್ ಬಿಗಿದರೆ, ಅಪಘಾತದಲ್ಲಿ ಆ ಉಬ್ಬು ಚಪ್ಪಟೆಯಾಗಿ ಬೆಲ್ಟ್ ಸಡಿಲಾಗುತ್ತದೆ, ಮಗು ಜಾರಿಹೋಗಬಹುದು. ಜಾಕೆಟ್ ಕಳಚಿ, ತೆಳು ಬಟ್ಟೆಯ ಮೇಲೆ ಬೆಲ್ಟ್ ಹಾಕಿ, ಆಮೇಲೆ ಜಾಕೆಟ್ಟನ್ನು ಮುಂದಿನಿಂದ ಹೊದಿಸಿ.

ಹೊಸ ಅಂಗಿಯ ಮೇಲೆ ನೀರು ಮುತ್ತಾಗಿ ಉರುಳುವುದು ಮೇಲ್ಪದರದ ಲೇಪದಿಂದ. ಇದಕ್ಕೆ ಬಹಳ ಕಾಲ ಫ್ಲೋರಿನ್ ಇರುವ ರಾಸಾಯನಿಕಗಳನ್ನು ಬಳಸುತ್ತಿದ್ದರು. ಅವು ಪ್ರಕೃತಿಯಲ್ಲಿ ಕರಗದೆ ಉಳಿಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಉಡುಪುಗಳಲ್ಲಿ ಇವುಗಳಿಗೆ ನಿಷೇಧವಿದೆ. ಅಂಗಿಯ ತೋಳನ್ನು ಚೀಪುವ ವಯಸ್ಸಿನವರಿಗೆ ಫ್ಲೋರಿನ್ ಇಲ್ಲದ್ದನ್ನೇ ಕೇಳಿ ಪಡೆಯಿರಿ. ಒಗೆಯುವಾಗ ಬಟ್ಟೆ ಮೆತ್ತಗಾಗಿಸುವ ದ್ರಾವಣ ಹಾಕಬೇಡಿ, ಅದು ಈ ಲೇಪದ ಕೆಲಸವನ್ನು ಕೆಡಿಸುತ್ತದೆ. ಕೆಸರಾದರೆ ಒಣಗಿಸಿ ಕೊಡವುವುದು, ಒದ್ದೆ ಬಟ್ಟೆಯಿಂದ ಒರೆಸುವುದು ಸಾಕು.

ಮಕ್ಕಳು ಬೇಗ ಬೆಳೆಯುವುದರಿಂದ ಅಣ್ಣನ ಅಂಗಿ ತಮ್ಮನಿಗೆ ಬರುವುದು ಇದ್ದದ್ದೇ, ಅದರಲ್ಲಿ ಜಾಣತನವೂ ಇದೆ. ಹಾಗೆ ಬಂದದ್ದನ್ನು ಹೊರಗೆ ಕಳಿಸುವ ಮುನ್ನ ಪರೀಕ್ಷಿಸಿ. ಮಂಡಿಯ ಭಾಗವನ್ನು ಹೊರಮಗ್ಗುಲು ಮೇಲಾಗುವಂತೆ ಒಂದು ಬಟ್ಟಲ ಮೇಲೆ ಗುಳಿಬೀಳಿಸಿ ಇಟ್ಟು, ಗುಳಿಯಲ್ಲಿ ಎರಡು ಚಮಚ ನೀರು ಹಾಕಿ ಹತ್ತು ನಿಮಿಷ ಬಿಡಿ. ಬಳಿಕ ಅಡಿಯಿಂದ ಬೆರಳಿನಿಂದ ಒತ್ತಿ ಉಜ್ಜಿ. ಬೆರಳು ಒಣಗಿಯೇ ಇದ್ದರೆ ಇನ್ನೊಂದು ಮಳೆಗಾಲಕ್ಕೆ ಚಿಂತೆಯಿಲ್ಲ. ಬೆರಳು ತೇವವಾದರೆ, ಅಥವಾ ಒಳಮಗ್ಗುಲಿನ ಲೇಪ ಬಿಳಿಯ ಹೊಟ್ಟಾಗಿ ಉದುರುತ್ತಿದ್ದರೆ, ಆ ಅಂಗಿಯನ್ನು ಮಳೆಗೆ ನಂಬಬೇಡಿ. ಒಣಚಳಿಯಲ್ಲಿ ಗಾಳಿ ತಡೆಯುವುದಕ್ಕೆ ಅದು ಈಗಲೂ ಆಗುತ್ತದೆ.