ಹಿತ್ತಲದಾಗ ಬೆಳಕಿಂಡಿ ಇರೋ ಆಟದ ಮನಿ

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತು ಹಿತ್ತಲಕ್ಕ ಬರ್ರಿ. ಅಲ್ಲಿ ನುಗ್ಗಿ ಗಿಡದ ಬಾಜೂಕ ಕಾಣತೈತಲ್ಲ, 6 ಫೂಟು ಉದ್ದ, 5 ಫೂಟು ಅಗಲದ ಮನಿ, ಅದು ನಮ್ಮ ಹುಡುಗರದು. ನನ್ನ ಮಗಳು, ಅಣ್ಣನ ಮಕ್ಕಳು, ಮತ್ತ ಓಣ್ಯಾಗಿನ ಹುಡುಗರು ಎಲ್ಲಾರೂ ಅದಕ್ಕ ಮಾಲಕರು.

ಆಟದ ಮನಿ ಅಂದ ಕೂಡಲೆ ಎಲ್ಲಾರೂ ತೋರಿಸೋದು ಪ್ಲಾಸ್ಟಿಕ್ ಮನಿ, ಇಲ್ಲಾಂದ್ರ ಫೋನಿನ್ಯಾಗ ನೋಡಿದ ಹೊರದೇಶದ ಅರಮನಿ. ನನಗ ಅದು ಬ್ಯಾಡಾಗಿತ್ತು. ನಮ್ಮ ಕಡೆ ಮಾಳಗಿ ಮನ್ಯಾಗ, ಅಂದ್ರ ಮ್ಯಾಲ ಮಣ್ಣು ಹಾಕಿದ ಸಪಾಟ ಛಾವಣಿ ಮನ್ಯಾಗ, ಒಂದು ಜಾದೂ ಇತ್ತು, ಆರ್‌ಸಿಸಿ ಮನ್ಯಾಗ ಬೆಳೆಯೋ ಹುಡುಗರು ಅದನ್ನ ಕಂಡಿಲ್ಲ. ಬೆಳಕಿಂಡಿ. ಮಾಳಗಿ ನಡುವ ಒಂದು ತೂತು, ಅದರಾಗಿಂದ ಕತ್ತಲಿ ಅಡಗಿ ಮನಿಯೊಳಗ ಇಳಿಯೋ ಬಿಸಲಕೋಲು, ಅದರಾಗ ಸುತ್ತಾಡೋ ಒಲಿ ಹೊಗಿ. ಮಳಿ ಬಂತಂದ್ರ ಯಾರರೆ ನಿಚ್ಚಣಕಿ ಏರಿ ಓಡಿ ಹೋಗಿ ಮುಚ್ಚತಿದ್ರು. ಹುಡುಗರಿಗೆ ಆ ಬೆಳಕು ಕೊಡಬೇಕು ಅನ್ನೋದ ನನ್ನ ಪ್ಲ್ಯಾನು. ಉಳಿದದ್ದೆಲ್ಲಾ ಅದರ ಸುತ್ತ ಕಟ್ಟಿದ್ದು.

ಈಗ ಬುಡ ನೋಡ್ರಿ. ನಮ್ಮದು ಹುಬ್ಬಳ್ಳಿಯಿಂದ ನವಲಗುಂದ ಕಡೆ ಹೋಗೋ ದಿಕ್ಕು, ಪೂರಾ ಎರಿ ಭೂಮಿ, ಅಂದ್ರ ಕರೀ ಮಣ್ಣು. ಬ್ಯಾಸಗ್ಯಾಗ ಕೈ ತೂರೋವಷ್ಟು ಬಿರಕು ಬಿಡತೈತಿ, ಮಳಿಗಾಲದಾಗ ನೀರು ಕುಡದು ಉಬ್ಬತೈತಿ. ಬಡಿಗ್ಯಾರ ಕಾಕಾ ಬಂದವರ ಹೇಳಿದ್ರು, “ತಂಗಿ, ಮನಿ ಸಣ್ಣದು ಅಂತ ಎರಿಗೆ ಗೊತ್ತಾಗತೈತೇನು? ಇದರ ಮ್ಯಾಲ ಸೀದಾ ಕಂಬ ನಿಂದರಿಸಿದ್ರ ಬಾಗಲಾ ಮುಚ್ಚಂಗಿಲ್ಲ ನೋಡು.” ಅದಕ್ಕ 2 ಫೂಟು ಎರಿ ಮಣ್ಣು ತಗದು, ಗರಸು ತುಂಬಿ, ನೀರು ಹೊಡದು ದಮ್ಮಸು ಹಾಕಿ, ಮ್ಯಾಲ ಶಾಬಾದ ಪರಸಿ ಹಾಸಿದ್ವಿ. ಕಂಬ ಕಲ್ಲಿನ ಮ್ಯಾಲ ಕುಂತಾವು. ಕಟ್ಟಿಗಿ ಮಣ್ಣಿಗೆ ಹತ್ತಲಿಲ್ಲಂದ್ರ ಗೆದ್ದಲು ಏರೋದು ಬ್ಯಾಗ ಕಣ್ಣಿಗೆ ಬೀಳತೈತಿ.

ಕಂಬ ಎಲ್ಲಾ ಹಳೇ ಸಾಗವಾನಿ ಜಂತಿ, ಕೆಡವಿದ ಮನೀದು. ಬಣ್ಣ ಹಚ್ಚದ ಕಟ್ಟಿಗೀನ ಬೇಕು ಅಂತ ಹಟ ಹಿಡದು ಆರಿಸಿದೆ. ಹಳೇ ಬಾಗಲಾ ಕಿಡಕಿ ಮ್ಯಾಲಿನ ಬಣ್ಣದಾಗ ಸೀಸ ಇರಬಹುದು, ಅದನ್ನ ತಿಕ್ಕಿದ ಧೂಳು ಹುಡುಗರ ಹೊಟ್ಟಿಗೆ ಹೋಗಬಾರದು. ಹೊಸಾ ಮನಿ ಬಣ್ಣದಾಗ ಸೀಸ 90 ಪಿಪಿಎಮ್ (ಹತ್ತು ಲಕ್ಷ ಪಾಲಿನ್ಯಾಗ 90 ಪಾಲು) ದಾಟಬಾರದು ಅನ್ನೋ ನಿಯಮ 2017ರಿಂದ ಐತಿ, ಡಬ್ಬಿ ಮ್ಯಾಲ ಓದಿ ತಗೋರಿ. ನಮ್ಮ ಬಾಗಲಕ್ಕ ಹಚ್ಚಿದ ಹಸಿರು, ಕೆಂಪು, ಹಳದಿ, ಆ ಬಳ್ಳಿ, ಆ ಗಿಳಿ, ಎಲ್ಲಾ ಕಲಘಟಗಿ ತೊಟ್ಟಿಲ ನೋಡಿ ಬರದದ್ದು. ನನ್ನ ಮಗಳು ಮಲಗಿದ್ದೂ ಅಂಥಾದ್ದರಾಗ.

ಕಿಡಕಿ ಸರಳಿನ ನಡುವ 3 ಇಂಚು ಅಷ್ಟ ಬಿಟ್ಟೇವಿ. ಮೂರೂವರಿಯಿಂದ 9 ಇಂಚಿನ ಸಂದಿ ಇದ್ರ ಸಣ್ಣ ಹುಡುಗರ ಮೈ ತೂರಿ ತಲಿ ಸಿಗೇ ಬೀಳತೈತಿ. ಇದೊಂದು ಮರೀಬ್ಯಾಡ್ರಿ.

ಮ್ಯಾಲ ಖರೇ ಮಾಳಗಿ ಹಾಕಬೇಕು ಅಂತ ಭಾಳ ಆಸೆ ಇತ್ತು. ಲೆಕ್ಕಾ ಹಾಕಿದ್ವಿ. ಇಷ್ಟ ಜಾಗಾಕ್ಕ 6 ಇಂಚು ಮಣ್ಣು ಅಂದ್ರ 600 ಕಿಲೋ ದಾಟತೈತಿ. ಅದರ ಕೆಳಗ ಹುಡುಗರು? ಬ್ಯಾಡ. ಹಲಗಿ ಹೊಡದು, ಮ್ಯಾಲ ನೀರು ಇಳಿಯದ ಶೀಟು ಹಾಕಿ, ನಡುವ 9 ಇಂಚಿನ ದುಂಡನ ತೂತು ಕೊರದು ಅಕ್ರಿಲಿಕ್ ಕೂರಿಸಿದ್ವಿ. ಈಗ ಮಳಿಗೆ ಯಾರೂ ಓಡಬೇಕಾಗಿಲ್ಲ.

ಈಗ ಒಳಗ ಬರ್ರಿ, ಬಗ್ಗಿ ಬರ್ರಿ, ಬಾಗಲಾ ಮೂರೂವರಿ ಫೂಟು ಐತಿ. ನೋಡ್ರಿ, ಪರಸಿ ಮ್ಯಾಲ ಬಿದ್ದ ಬಿಸಲು, ಊಟದ ತಾಟಿನಷ್ಟು. ಮುಂಜಾನೆ ಅದು ಪಡುವಣ ಗೋಡಿ ಮ್ಯಾಲ ಇರತೈತಿ, ಮಧ್ಯಾಹ್ನ ನೆಲಕ್ಕ ಇಳೀತೈತಿ, ಸಂಜೀಕ ಮೂಡಣ ಗೋಡಿ ಏರತೈತಿ. ನಾನು ಏನೂ ಹೇಳಿಕೊಟ್ಟಿಲ್ಲ. ಹುಡುಗರ ಒಂದು ರವಿವಾರ ಚಾಕ್ ಪೀಸ್ ತಗೊಂಡು ಅದರ ಸುತ್ತ ಗೆರಿ ಎಳದ್ರು, ಚೂರು ಹೊತ್ತಿಗೆ ಬೆಳಕು ಗೆರಿ ದಾಟಿ ಹೋತು, ಮತ್ತೊಂದು ಎಳದ್ರು. ಈಗ ನೆಲದ ತುಂಬ ದುಂಡು. ಒಂದರಾಗ “ಊಟ”, ಇನ್ನೊಂದರಾಗ “ಅಜ್ಜಿ ನಿದ್ದಿ” ಅಂತ ಬರದಾರ.

ಮೇ ತಿಂಗಳ ಸುರುವಿಗೆ, ಮತ್ತ ಆಗಸ್ಟ್ 10ರ ಆಸುಪಾಸು, ಮಧ್ಯಾಹ್ನ ಹನ್ನೆರಡೂವರಿಗೆ ಸೂರ್ಯ ನಮ್ಮ ನಡುನೆತ್ತಿ ಮ್ಯಾಲ ಬರತಾನ. ಆಗ ಬಿಸಲು ಬೆಳಕಿಂಡಿ ಕೆಳಗ ಸೀದಾ ನಿಂದರತೈತಿ. ಡಿಸೆಂಬರದಾಗ ಅದ ಹೊತ್ತಿಗೆ ಉತ್ತರದ ಗೋಡಿ ಹತ್ತಿರತೈತಿ. ಹುಡುಗರು ಆ ಗೋಡೀನ ಈಗಿಂದ ಖಾಲಿ ಇಟ್ಟಾರ, ಅಲ್ಲಿ ಯಾರೂ ಚಿತ್ರ ತಗೀಬಾರದಂತ.

ಪಂಚಮಿಗೆ ಜೋಕಾಲಿ ಈ ಜಂತಿಗೇ ಕಟ್ಟು ಅಂತ ಬೆನ್ನು ಹತ್ಯಾರ. ಅದು ಮಾತ್ರ ಆಗಂಗಿಲ್ಲ. ಈ ಕಂಬ ಮ್ಯಾಲಿನ ಭಾರ ಹೊರತಾವು, ಹಿಂದಕ್ಕ ಮುಂದಕ್ಕ ಜಗ್ಗೋದನ್ನ ತಡಿಯಂಗಿಲ್ಲ. ಜೋಕಾಲಿ ಹುಣಸಿ ಗಿಡಕ್ಕ ಕಟ್ಟೋದು ಅಂತ ಮಾತಾತು. ಉಂಡಿ ಡಬ್ಬಿ ಮಾತ್ರ ಆಟದ ಮನ್ಯಾಗ ಇರಬೇಕಂತ, ಅದಕ್ಕ ಅವ್ವನೂ ಹೂಂ ಅಂದಾಳ.